ಹಳೇ ಮನೆಯ ಜಾಡು ಹಿಡಿದು

ಮೈಸೂರಿನ ನಮ್ಮ ಹಳೇ ಮನೆ ಅಜ್ಜನ ಕೈಗೆ ಬರುವ ಮುಂಚೆ ಯಾರದ್ದಾಗಿತ್ತು ಅಂತ ಹುಡುಕುತ್ತಿದ್ದೇನೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಇಸಿ (ಆಸ್ತಿಯ ಮೇಲಿನ ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ) ಒಂದನ್ನೇ ನಂಬಬೇಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಉಯಿಲನ್ನು ನೋಂದಾಯಿಸಲೇಬೇಕು ಅಂತಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದರೆ ಅದೂ ಅಲ್ಲಿ ಬರುವುದಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಜ್ಜನ ಕ್ರಯಪತ್ರ. ಮಾರಿದವರಿಗೆ ಆ ಸ್ವತ್ತು ಹೇಗೆ ಬಂತು ಅಂತ ಅದರಲ್ಲೇ ಬರೆದಿತ್ತು, ಹಿಂದಿನ ಪತ್ರದ ನಂಬರು, ಸಂಪುಟ, ಪುಟ ಸಮೇತ. ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿದರೆ ಅದಕ್ಕೂ ಹಿಂದಿನ ಪತ್ರದ ಸುಳಿವು ಸಿಗುತ್ತದೆ, ಹೀಗೆ ಒಂದೊಂದೇ ಕೈ ಹಿಂದಕ್ಕೆ ಹೋಗಬಹುದು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಮಾಲೀಕರೇ ಆಗಿರಬೇಕಿಲ್ಲ. ಎಷ್ಟು ದೊಡ್ಡ ಹಕ್ಕು ಅಲ್ವಾ!

ಚೆಕ್ಕುಬಂದಿಯನ್ನು, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿ ವಿವರವನ್ನು, ಮಾತ್ರ ಸುಮ್ನೆ ದಾಟಿ ಹೋಗಬೇಡಿ. ಮನೆ ನಂಬರು, ಬೀದಿ ಹೆಸರು ಕಾಲಕಾಲಕ್ಕೆ ಬದಲಾಗಿರುತ್ತವೆ, ಆದರೆ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಅನ್ನುವುದು ಬರೆದಿರುತ್ತದೆ. ನಮ್ಮ ಪತ್ರಗಳ ಜಾಡು ಕಡಿದುಹೋದ ಕಡೆ ಪಕ್ಕದ ಮನೆಯವರ ಹಳೇ ಕ್ರಯಪತ್ರ ನೆರವಾಯಿತು. ಅವರ ಚೆಕ್ಕುಬಂದಿಯಲ್ಲಿ ನಮ್ಮ ಮನೆಯ ಆಗಿನ ಮಾಲೀಕರ ಹೆಸರಿತ್ತು! ನನಗಾದ ಖುಷಿ ಹೇಳತೀರದು.

ಖಾತೆ, ಅಂದರೆ ಸ್ವತ್ತು ಯಾರ ಹೆಸರಿನಲ್ಲಿದೆ ಅನ್ನುವ ಪಾಲಿಕೆಯ ದಾಖಲೆ, ಇರುವುದು ತೆರಿಗೆಗೆ, ಅದೇ ಹಕ್ಕುಪತ್ರವಲ್ಲ. ಆದರೂ ಹೆಸರು ಯಾವಾಗ ಬದಲಾಯಿತು ಅಂತ ತಿಳಿಯಲು ಪಾಲಿಕೆಯ ಹಳೇ ತೆರಿಗೆ ಪುಸ್ತಕಗಳನ್ನು ಮುಂದೆ ನೋಡಬೇಕು.