ಮರಕುಟಿಗ ಕುಟ್ಟಿದ ಟ್ಯಾಂಕು

ಅಮೆರಿಕದ ಒರ್ಲಾಂಡೊದಿಂದ ಪೂರ್ವಕ್ಕೆ ಒಂದು ಗಂಟೆ ಕಾರಿನ ಹಾದಿ ನಾಸಾದ ಕೆನಡಿ ಬಾಹ್ಯಾಕಾಶ ಕೇಂದ್ರ. "ಮಾವ, ಟೋಪಿ ಇಟ್ಕೊಳ್ಳಿ, ಇಲ್ಲಿ ಮಂಗಳೂರಿನ ಹಾಗೇ ಬೆವರು" ಅಂದಿದ್ದಳು ಅಕ್ಕನ ಮಗಳು. ಟೋಪಿ ಕಾರಲ್ಲೇ ಉಳೀತು.

ಒಳಗಿನ ಬಸ್ಸು ಹೊರಟು ಸ್ವಲ್ಪ ಹೊತ್ತಿಗೇ ರಸ್ತೆ ಪಕ್ಕದ ಕಾಲುವೆಯಲ್ಲಿ ಮೊಸಳೆ. ಕೇಂದ್ರ ಇರುವುದೇ ವನ್ಯಧಾಮದ ಮಗ್ಗುಲಲ್ಲಿ. ಮುಂದೆ 160 ಮೀಟರ್ ಎತ್ತರದ ರಾಕೆಟ್ ಜೋಡಣಾ ಕಟ್ಟಡ. ಅಲ್ಲಿಂದ ಉಡಾವಣಾ ಕಟ್ಟೆಯ ತನಕ ನದಿಯ ಉರುಟು ಕಲ್ಲು ಹಾಸಿದ ದಾರಿ. ಉಜ್ಜಿದಾಗ ಕಿಡಿ ಸಿಡಿಯುವುದು ಕಡಿಮೆ ಅಂತ ಆರಿಸಿದ ಕಲ್ಲು. ನೆಟ್ಟಗೆ ನಿಂತ ರಾಕೆಟ್ಟನ್ನು ಹೊತ್ತ ಕ್ರಾಲರ್ ಎಂಬ ದೈತ್ಯ ಬಂಡಿ ಇದರ ಮೇಲೆ ಗಂಟೆಗೆ 1.6 ಕಿ.ಮೀ.ನಂತೆ ತೆವಳುತ್ತದೆ. ಬೇಲೂರಿನ ತೇರು ನೋಡಿ ಬೆಳೆದವನಿಗೆ ಇದೇನು ಹೊಸದಲ್ಲ. ಹಗ್ಗ ಎಳೆಯುವವರು, ಬಾಳೆಹಣ್ಣು ಎಸೆಯುವವರು ಇಲ್ಲ, ಅಷ್ಟೆ.

ಚಂದ್ರಯಾತ್ರೆಯ 110 ಮೀಟರ್ ಉದ್ದದ ಸ್ಯಾಟರ್ನ್-5 ರಾಕೆಟ್ಟನ್ನು ಅಡ್ಡ ಮಲಗಿಸಿದ್ದಾರೆ. ಯಾವ ಫೋಟೊಗೂ ಪೂರ್ತಿ ಸಿಕ್ಕುವುದಿಲ್ಲ. ನಾನು ಹೆಚ್ಚು ಹೊತ್ತು ನಿಂತದ್ದು ಗಾಜಿನೊಳಗಿನ ಒಂದು ಉಡುಪಿನ ಮುಂದೆ. 1971ರಲ್ಲಿ ಅಲನ್ ಶೆಪರ್ಡ್ ಚಂದ್ರನ ಮೇಲೆ ತೊಟ್ಟದ್ದು. ಮೆತ್ತಿಕೊಂಡ ಬೂದು ಧೂಳು ಇನ್ನೂ ಹಾಗೇ ಇದೆ, ಗದ್ದೆ ಕೆಲಸ ಮುಗಿಸಿ ಬಂದವರ ಪಂಚೆಯಂತೆ.

ಅಟ್ಲಾಂಟಿಸ್ ನೌಕೆಯ ಕಟ್ಟಡದ ಬಾಗಿಲಲ್ಲಿ ಶಟಲ್‌ನ (ಹಾರಿ ಮರಳುತ್ತಿದ್ದ ರೆಕ್ಕೆಯ ನೌಕೆ) ಕಿತ್ತಳೆ ಬಣ್ಣದ ಟ್ಯಾಂಕಿನ ಅಸಲಿ ಗಾತ್ರದ ಮಾದರಿ ನಿಂತಿದೆ. ಒಳಗೆ ತುಂಬುತ್ತಿದ್ದ ದ್ರವ ಜಲಜನಕ ಮೈನಸ್ 253 ಡಿಗ್ರಿ. ಹೊರಮೈಗೆ ಮಂಜು ಕಟ್ಟದಿರಲೆಂದು ಫೋಮು ಬಳಿಯುತ್ತಿದ್ದರು. 1995ರಲ್ಲಿ ಡಿಸ್ಕವರಿ ಶಟಲ್ ಕಟ್ಟೆಯ ಮೇಲಿದ್ದಾಗ ಮರಕುಟಿಗಗಳು ಬಂದು ಈ ಫೋಮಿಗೆ ಸುಮಾರು 200 ತೂತು ಕೊರೆದವು. ಪಾಪ, ಗೂಡಿಗೆ ಒಳ್ಳೇ ಒಣಮರ ಸಿಕ್ಕಿತು ಅಂದುಕೊಂಡಿರಬೇಕು. ತೇರು ವಾಪಸ್ಸು ಗುಡಿಗೆ! ಜೂನ್ 8ಕ್ಕೆ ಹಾರಬೇಕಿದ್ದದ್ದು ಜುಲೈ 13ಕ್ಕೆ ಹಾರಿತು. ಆಮೇಲೆ ಹಕ್ಕಿ ಓಡಿಸಲು ಪ್ಲಾಸ್ಟಿಕ್ ಗೂಬೆ ಕೂರಿಸಿದರು.

"ನಾಸಾಕ್ಕೂ ಬೆರ್ಚಪ್ಪನೇ ಗತಿ ನೋಡಿ ಮಾವ" ಅಂತ ಹುಡುಗಿ ನಕ್ಕಳು. ನಾನೂ ನಕ್ಕೆ.

ಅದೇ ಕಟ್ಟಡದ ಕೆಳಗಿನ ಮಂದ ಬೆಳಕಿನ ಕೋಣೆಯಲ್ಲಿ ಕೊಲಂಬಿಯಾ ಶಟಲ್‌ನ ಕಿಟಕಿ ಚೌಕಟ್ಟುಗಳಿವೆ. 2003ರ ಜನವರಿ 16ರಂದು ಮೇಲೇರುವಾಗ ಅಂಥದ್ದೇ ಟ್ಯಾಂಕಿನ ಫೋಮಿನ ಒಂದು ತುಂಡು ಕಳಚಿ ಎಡರೆಕ್ಕೆಗೆ ಬಡಿದು ತೂತು ಮಾಡಿತ್ತು. ತೂಕ ಮುಕ್ಕಾಲು ಕೆಜಿ. ಫೆಬ್ರುವರಿ 1ರಂದು ಮರಳುವಾಗ ಆ ತೂತಿನಿಂದ ಬಿಸಿ ಅನಿಲ ನುಗ್ಗಿ ನೌಕೆ ಚೂರಾಯಿತು. ಇಲ್ಲಿನ ರನ್‌ವೇ ಮುಟ್ಟಲು ಉಳಿದಿದ್ದದ್ದು 16 ನಿಮಿಷ. ಒಳಗಿದ್ದ ಏಳು ಜನರಲ್ಲಿ ನಮ್ಮ ಕಲ್ಪನಾ ಚಾವ್ಲಾ ಒಬ್ಬರು. ಹಕ್ಕಿಯ ಕೊಕ್ಕಿಗೆ ಬಗ್ಗುವ ಫೋಮು ರೆಕ್ಕೆ ಒಡೆಯಿತು ಅನ್ನುವುದನ್ನು ಆ ಚೌಕಟ್ಟುಗಳ ಮುಂದೆ ನಿಂತೂ ನಂಬಲಾಗಲಿಲ್ಲ.

ಆ ದುರಂತದ ನಾಲ್ಕು ದಿನದ ಮೇಲೆ ಇಸ್ರೋದ ಮೆಟ್‌ಸ್ಯಾಟ್ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಅದನ್ನು ನೋಡಿಕೊಳ್ಳುತ್ತಿದ್ದದ್ದು ನಮ್ಮ ಹಾಸನದ ಎಂಸಿಎಫ್, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ.

"ಸಾಲಗಾಮೆ ರೋಡಲ್ಲಿರೋ ಆ ದೊಡ್ಡ ಡಿಶ್‌ಗಳಾ? ಇನ್ನೂ ಇದೆಯಾ ಮಾವ, ಆ ಉಪಗ್ರಹ?"

"2017ರಲ್ಲಿ ಕೆಲಸ ನಿಲ್ಲಿಸಿತು ಕಣಮ್ಮ. ಏಳು ವರ್ಷಕ್ಕೆ ಅಂತ ಕಳಿಸಿದ್ದು. ಹದಿನೈದು ವರ್ಷ ದುಡೀತು."