ಪಕ್ಕದ ಮನೆಯ ಗ್ರಾನೈಟು, ನಮ್ಮ ಮನೆಯ ಧೂಳು

ಮಂಗಳೂರಿನಲ್ಲಿ ಗೇಟಿನಿಂದ ಮನೆ ಬಾಗಿಲಿನ ತನಕ ಸಮತಟ್ಟು ದಾರಿ ಸಿಗುವುದು ಪುಣ್ಯವಂತರಿಗೆ. ನಮ್ಮ ಕೊಂಚಾಡಿಯಲ್ಲಂತೂ ಎಲ್ಲ ಗುಡ್ಡೆ, ಎಲ್ಲ ಇಳಿಜಾರು. ಕಾರು ಫಸ್ಟ್ ಗೇರಿನಲ್ಲೇ ಅಂಗಳ ಹತ್ತಬೇಕು. ಅಂಥ ಇಳಿಜಾರಿಗೆ ಪಕ್ಕದ ಮನೆಯವರು ಮುಖ ಕಾಣುವಷ್ಟು ಪಾಲಿಶ್ ಇರುವ ಗ್ರಾನೈಟ್ ಹಾಕಿಸಿದರು. ಇಳಕಲ್ಲಿನ ಕೆಂಪು ಕಲ್ಲು. ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಜೂನ್ ಬಂತು, ಕಲ್ಲಿನ ಮೇಲೆ ಹಾವಸೆ ಹಿಡಿಯಿತು. ಪೇಪರ್ ಹಾಕುವ ಹುಡುಗ ಸೈಕಲ್ ಸಮೇತ ಜಾರಿದ. ಗ್ಯಾಸ್ ತರುವವನು ಸಿಲಿಂಡರನ್ನು ಗೇಟಿನ ಹೊರಗೇ ಇಳಿಸಿ ಹೋಗತೊಡಗಿದ. ಆಟಿ ತಿಂಗಳಲ್ಲಿ ಒಂದು ದಿನ ಯಜಮಾನರೇ ಕೊಡೆ ಹಿಡಿದುಕೊಂಡು ಕೂತುಬಿಟ್ಟರು. ಕಲ್ಲು ತೆಗೆಸಲು ಮನಸ್ಸು ಬರಲಿಲ್ಲ. ಯಾರೋ ಕಂಟ್ರಾಕ್ಟರು ಹೇಳಿದರಂತೆ, ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿ, ಪಾಲಿಶ್ ಹೋಗಿ ಕಲ್ಲು ಒರಟಾಗುತ್ತದೆ, ಆಮೇಲೆ ಜಾರುವುದಿಲ್ಲ ಅಂತ. ಮಾತು ಸರಿಯೇ. ಕಂಪ್ರೆಸರಿನ ಗಾಳಿಯಲ್ಲಿ ಹೊಯ್ಗೆಯನ್ನು, ಅಂದರೆ ಮರಳನ್ನು, ಜೋರಾಗಿ ಹೊಡೆದರೆ ಕಲ್ಲಿನ ಮೇಲ್ಮೈ ಕಿತ್ತು ಬರುತ್ತದೆ. ಹಡಗಿನ ತುಕ್ಕು ತೆಗೆಯುವುದೂ ಹೀಗೆಯೇ. ಆದರೆ ಹಡಗಿನ ಯಾರ್ಡು ಬೇರೆ, ಐದು ಸೆಂಟ್ಸಿನ ಸೈಟುಗಳು ಒತ್ತಿಕೊಂಡು ಕೂತಿರುವ ಓಣಿ ಬೇರೆ.

ಏಪ್ರಿಲ್ ರಜೆಯಲ್ಲಿ ಕೆಲಸ ಶುರುವಾಯಿತು. ನಾನು ಮನೆಯಲ್ಲೇ ಇದ್ದೆ. ಊಟದ ಹೊತ್ತಿಗೆ ಕಂಪ್ರೆಸರ್ ಅಬ್ಬರಿಸಿತು. ಸ್ವಲ್ಪ ಹೊತ್ತಿಗೆ ಪಡುಬದಿಯ ಕಿಟಕಿಯಲ್ಲಿ ಬಿಸಿಲು ಮಸುಕಾಯಿತು. ನಮ್ಮದು ಹಳೇ ಹಂಚಿನ ಮನೆ. ಕಿಟಕಿ ಮುಚ್ಚಿದರೆ ಮುಗಿಯಿತು ಅನ್ನುವ ಸುಖ ನಮಗಿಲ್ಲ. ಹಂಚು ಹಂಚಿನ ನಡುವೆ ಗಾಳಿ ಆಡುತ್ತದೆ. ಗಾಳಿ ಬರುವಲ್ಲಿ ಧೂಳೂ ಬರುತ್ತದೆ. ಬಡಿಸಿಟ್ಟ ಕುಚ್ಚಲಕ್ಕಿ ಅನ್ನದ ಮೇಲೆ ನೋಡುನೋಡುತ್ತಿದ್ದ ಹಾಗೆ ಬಿಳಿ ಪದರ ಬಂತು. ಟೆರೇಸಿಲ್ಲದ ಕಾರಣ ಅತ್ತೆ ಹಲಸಿನ ಹಪ್ಪಳವನ್ನು ಅಂಗಳದಲ್ಲೇ ಚಾಪೆ ಹಾಸಿ ಒಣಗಿಸಿದ್ದರು. ಒಂದು ಚೂರು ಮುರಿದು ಬಾಯಿಗೆ ಹಾಕಿ ನೋಡಿದರು. ಕರಕರ ಅಂದಿತು. ಏನೂ ಹೇಳದೆ ಇಡೀ ಚಾಪೆ ಸುತ್ತಿ ಹಟ್ಟಿ ಕಡೆಗೆ ತೆಗೆದುಕೊಂಡು ಹೋದರು.

ಅತ್ತೆಗೆ ದಮ್ಮು ಉಂಟು. ಸಂಜೆ ಇನ್‌ಹೇಲರ್ ಬೇಕಾಯಿತು. ಮಾರನೇ ದಿನವೇ ಅವರನ್ನು ಮೂಡುಬಿದಿರೆಯ ನಾದಿನಿ ಮನೆಗೆ ಕಳುಹಿಸಿದೆವು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗಾಗಿ ಸ್ವಲ್ಪ ಪಾಠ ಸಹಿಸಿಕೊಳ್ಳಿ. ಅಂಗಳದಲ್ಲಿ ರಾಶಿ ಬೀಳುವ ಹೊಯ್ಗೆಯಿಂದ ಅಂಥ ತೊಂದರೆಯಿಲ್ಲ, ಗುಡಿಸಬಹುದು. ಕೆಳಗೆ ಬೀಳದೆ ಗಾಳಿಯಲ್ಲೇ ನಿಲ್ಲುವುದೇ ತೊಂದರೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣ ಮೂಗು, ಗಂಟಲು ದಾಟುತ್ತದೆ. ಅದಕ್ಕಿಂತಲೂ ಸಣ್ಣದು ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಉಳಿಯುತ್ತದೆ. ಹೊಯ್ಗೆಯಲ್ಲಿ ಇರುವುದು ಬಹುಪಾಲು ಸಿಲಿಕಾ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು. ಬಂದ ಮೇಲೆ ವಾಸಿಯಾಗುವ ಕಾಯಿಲೆ ಅಲ್ಲ ಅದು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬ್ರಿಟನ್ನಿನಲ್ಲಿ ಬ್ಲಾಸ್ಟಿಂಗ್‌ಗೆ ಸಿಲಿಕಾ ಇರುವ ಮರಳು ಬಳಸಬಾರದು ಅಂತ ನಿಯಮ ಬಂದದ್ದು 1949ರಲ್ಲಿ! ನಾವಿನ್ನೂ ಟರ್ಪಾಲಿನ ಮೇಲೆ ಹೊಯ್ಗೆ ಒಣಗಿಸಿ ಹಾಪರಿಗೆ ಸುರಿಯುತ್ತಿದ್ದೇವೆ.

ಹೆದರಿಸಲು ಹೇಳುತ್ತಿಲ್ಲ. ನೆರೆಮನೆಯಲ್ಲಿ ನಾಲ್ಕು ದಿನ ಕೆಲಸ ಆದರೆ ನಮಗೆ ಸಿಲಿಕೋಸಿಸ್ ಬರುವುದಿಲ್ಲ. ದಮ್ಮು ಇದ್ದವರಿಗೆ, ಸಣ್ಣ ಮಕ್ಕಳಿಗೆ ತಕ್ಷಣಕ್ಕೇ ಕಷ್ಟ, ಉಳಿದವರಿಗೆ ಕೆಮ್ಮು, ಕಣ್ಣುರಿ, ಒಂದಷ್ಟು ಸಿಟ್ಟು. ನಿಜವಾಗಿ ಹೆದರಬೇಕಾದವನು ಪೈಪು ಹಿಡಿದವನು.

ಅವನು ಇಳಕಲ್ ಕಡೆಯ ಹುಡುಗ. ಕಲ್ಲು ಬಂದ ಊರಿನವನೇ. ಮುಖಕ್ಕೆ ಒಂದು ಬೈರಾಸು ಸುತ್ತಿದ್ದ, ಕಣ್ಣಿಗೆ ಬೈಕಿನ ಕನ್ನಡಕ. ಹುಬ್ಬು, ರೆಪ್ಪೆ ಎಲ್ಲ ಬಿಳಿ. ನೀರು ಕೊಟ್ಟಾಗ ಬೈರಾಸು ಬಿಚ್ಚಿದ. ಬಟ್ಟೆ ಸುತ್ತಿದ್ದ ಜಾಗದಲ್ಲೂ ಮೂಗಿನ ಹೊಳ್ಳೆ ಪೂರ್ತಿ ಬಿಳಿ ಮೆತ್ತಿತ್ತು. ಬಟ್ಟೆ ಏನನ್ನೂ ತಡೆದಿರಲಿಲ್ಲ. “ಹೆಲ್ಮೆಟ್ ಕೊಡಲ್ವಾ?” ಅಂತ ಕೇಳಿದೆ. “ಐತ್ರಿ ಅಕ್ಕಾರ, ಒಳಗ ಭಾಳ ಕುದಿತೈತ್ರಿ. ರೂಢಿ ಆಗೇತಿ” ಅಂದ. ಏಪ್ರಿಲ್ ಸೆಕೆಗೆ ಅವನು ಹೇಳಿದ್ದು ಸುಳ್ಳಲ್ಲ. ಆದರೆ ಈ ಕೆಲಸಕ್ಕೆ ಬೇಕಾದದ್ದು ಹೊರಗಿನಿಂದ ಒಳ್ಳೆ ಗಾಳಿ ಪೈಪಿನಲ್ಲಿ ಬರುವ ಹೆಲ್ಮೆಟ್. ಅದಿದ್ದರೆ ಇಷ್ಟು ಸೆಕೆಯೂ ಆಗದು. ಅಂಥದ್ದು ಅವನ ಪಿಕಪ್ಪಿನಲ್ಲಿ ಇರಲಿಲ್ಲ. ಕಾರ್ಮಿಕರ ಕಾನೂನಿನಲ್ಲಿ ಸಿಲಿಕೋಸಿಸ್ ಬಂದರೆ ಸರಕಾರಕ್ಕೆ ತಿಳಿಸಲೇಬೇಕು ಅಂತ ಉಂಟು. ಇಂದು ಕೊಂಚಾಡಿ, ನಾಳೆ ಬೋಂದೆಲ್ ಅಂತ ಓಣಿ ಓಣಿ ತಿರುಗುವ ಹುಡುಗನನ್ನು ಯಾವ ಫ್ಯಾಕ್ಟರಿಯ ಲೆಕ್ಕಕ್ಕೆ ಹಾಕುತ್ತಾರೆ?

ಸಂಜೆ ಪಕ್ಕದ ಮನೆಗೆ ಹೋದೆ. ಜಗಳಕ್ಕಲ್ಲ. ಅವರ ಮನೆ ಬಾವಿ ಬತ್ತಿದರೆ ನಮ್ಮದು, ನಮ್ಮಲ್ಲಿ ಕರೆಂಟು ಹೋದರೆ ಅವರ ಇನ್ವರ್ಟರು. ಅಂಥ ಸಂಬಂಧ.

“ಟೀಚರ್, ಎರಡು ದಿನ ಅಡ್ಜಸ್ಟ್ ಮಾಡಿ ಮಾರಾಯ್ರೆ” ಅಂದರು.

“ಕೆಲಸ ನಿಲ್ಲಿಸಿ ಅನ್ನಲಿಲ್ಲ ಅಣ್ಣ. ನೀರು ಹಾಕಿ ಮಾಡಿಸಿ.”

“ತುಂಬೆಯಲ್ಲೇ ನೀರಿಲ್ಲ, ಕಲ್ಲಿಗೆಲ್ಲಿಂದ ತರುವುದು?”

ಮಾತು ಅಲ್ಲಿಗೆ ನಿಂತಿತು. ಪ್ರತಿ ಏಪ್ರಿಲಿನಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ನೋಡಿಯೇ ಬಟ್ಟೆ ಒಗೆಯುವ ಊರು ನಮ್ಮದು. ನಮ್ಮ ಬಾವಿಯಿಂದ ಕೊಡುತ್ತೇನೆ ಅಂದೆ. ಅವರಿಗೂ ಸಂಕೋಚವಾಯಿತು ಅಂತ ಕಾಣುತ್ತದೆ, ಕಂಟ್ರಾಕ್ಟರಿಗೆ ಅಲ್ಲೇ ಫೋನ್ ಹಚ್ಚಿದರು. ಆಗ ಗೊತ್ತಾಯಿತು. ನಾಝಲ್ಲಿನ ತುದಿಗೆ ಹಾಕುವ ನೀರಿನ ರಿಂಗು ಒಂದು ಉಂಟಂತೆ. ಮರಳಿನ ಜೊತೆ ಸುತ್ತಲೂ ನೀರು ಚಿಮ್ಮಿ ಧೂಳು ಅಲ್ಲೇ ಕೂರುತ್ತದೆ. ಪಿಕಪ್ಪಿನ ಟೂಲ್ ಬಾಕ್ಸಿನಲ್ಲೇ ಇತ್ತಂತೆ! “ಯಾರೂ ಕೇಳುವುದಿಲ್ಲ ಸರ್, ಅದು ಹಾಕಿದ್ರೆ ಕೆಲಸ ಸ್ಲೋ” ಅಂದರಂತೆ. ಇದನ್ನು ಓದುತ್ತಿರುವ ನೀವು ಬೇರೆ ಏನು ಮರೆತರೂ ಈ ರಿಂಗನ್ನು ಮರೆಯಬೇಡಿ. ಕೇಳಿ. ಕೇಳಿದರೆ ಸಿಗುತ್ತದೆ.

ಹೊಯ್ಗೆ ಬದಲು ಗಾರ್ನೆಟ್ ಅನ್ನುವ ಖನಿಜದ ಪುಡಿ ಹಾಕಿದರೆ ಒಳ್ಳೆಯದು, ಅದರಲ್ಲಿ ಬಿಡಿ ಸಿಲಿಕಾ ತುಂಬಾ ಕಡಿಮೆ. ರೇಟು ಜಾಸ್ತಿ. ಆದರೆ ಅದು ಹಾಕಿದರೂ ನೀರು ಬೇಕೇ ಬೇಕು. ಒಡೆಯುತ್ತಿರುವುದು ಗ್ರಾನೈಟ್ ಅಲ್ವಾ, ಅದರಲ್ಲೇ ಶೇ. 20ಕ್ಕಿಂತ ಜಾಸ್ತಿ ಕ್ವಾರ್ಟ್ಜ್ ಇರುತ್ತದೆ. ಅದೂ ಸಿಲಿಕಾನೇ.

ಮತ್ತೊಂದು ಸಂಗತಿ ನನ್ನ ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಹಗಲು ಬಿಸಿಲೇರಿದ ಮೇಲೆ ಗಾಳಿ ಕಡಲಿನಿಂದ ನೆಲದ ಕಡೆಗೆ, ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿಗೆ. ಪಕ್ಕದ ಮನೆ ನಮ್ಮ ಪಡುಬದಿಗೆ. ಮಧ್ಯಾಹ್ನ ಮಾಡಿದ ಕೆಲಸದ ಧೂಳೆಲ್ಲ ನೇರ ನಮ್ಮ ಹಂಚಿಗೆ. ಬೆಳಿಗ್ಗೆ ಮಾಡಿದರೆ ಇದ್ದಷ್ಟು ಗಾಳಿ ಘಟ್ಟದ ಕಡೆಯಿಂದ, ಧೂಳು ಅವರ ಆಚೆಗಿನ ಗೇರು ಮರಗಳ ಖಾಲಿ ಸೈಟಿಗೆ. ಅಲ್ಲಿ ಯಾರೂ ಇಲ್ಲ. ಆದರೆ ಎದುರು ಮನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗುವ ನರ್ಸ್ ಇದ್ದಾಳೆ. ಅವಳಿಗೆ ಕಂಪ್ರೆಸರ್ ಸದ್ದು. ಕಡೆಗೆ ಅವಳೇ “ನನಗೆ ಧೂಳಿಗಿಂತ ಸದ್ದೇ ಆಗಬಹುದು” ಅಂದು ಹಿಂದಿನ ಕೋಣೆಗೆ ಹೋದಳು. ಬೆಳಗಿನ ಕೆಲಸ, ಹತ್ತು ಗಂಟೆಗೆ ಬಂದ್ ಅಂತ ಆಯಿತು.

ಅವರು ಹಸಿರು ನೆಟ್ ಕಟ್ಟಿಸಿದ್ದರು. ಅದು ನರ್ಸರಿ ಗಿಡಕ್ಕೆ ನೆರಳು ಕೊಡಲು ಸರಿ. ಇಂಥ ಧೂಳು ಅದರಲ್ಲಿ ನುಸುಳಿ ಹೋಗುತ್ತದೆ. ಮಳೆಗಾಲಕ್ಕೆಂದು ಎತ್ತಿಟ್ಟ ನೀಲಿ ಟರ್ಪಾಲು ಎರಡೂ ಮನೆಯಲ್ಲಿತ್ತು, ಕಂಪೌಂಡಿನ ಮೇಲೆ ಅದನ್ನು ಕಟ್ಟಿದೆವು. 2018ರ ಜನವರಿಯಲ್ಲಿ ಕೇಂದ್ರ ಸರಕಾರ ಕಟ್ಟಡ ಕೆಲಸದ ಧೂಳಿಗೆಂದೇ ನಿಯಮ ತಂದಿದೆ. ನೀರು ಸಿಂಪಡಿಸುವುದು, ಗಾಳಿಗೆ ಮರೆ ಕಟ್ಟುವುದು ಎಲ್ಲ ಅದರಲ್ಲಿ ಉಂಟು. ಮಾತು ಕೇಳದ ನೆರೆಯವರು ಸಿಕ್ಕಿದರೆ ನಗರಪಾಲಿಕೆಗೆ ಬರೆಯುವಾಗ ಅದನ್ನು ಹೆಸರಿಸಬಹುದು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಒಳಗಿನ ಧೂಳಿನ ಕತೆ ಬೇರೆ. ಇಂಥ ಧೂಳಿಗೆ ಹಿಡಿಸೂಡಿ ಮುಟ್ಟಿಸಬೇಡಿ. ಗುಡಿಸಿದರೆ ಕೂತದ್ದು ಮತ್ತೆ ಏಳುತ್ತದೆ. ಮೊದಲು ಫ್ಯಾನ್ ಬಂದ್. ಆಮೇಲೆ ಒದ್ದೆ ಬಟ್ಟೆ, ಮೇಲಿನಿಂದ ಕೆಳಕ್ಕೆ. ಉಜ್ಜಬಾರದು, ಒತ್ತಿ ಎತ್ತಬೇಕು. ನಮ್ಮ ರೆಡ್ ಆಕ್ಸೈಡ್ ನೆಲ ಅಜ್ಜನ ಕಾಲದ್ದು, ಉಜ್ಜಿದರೆ ಹೊಯ್ಗೆ ಗೀರು ಹಾಕುತ್ತದೆ. ಪಡುಬದಿಯ ಕಿಟಕಿಗೆ ಹಳೇ ಬೆಡ್‌ಶೀಟ್ ಒದ್ದೆ ಮಾಡಿ ನೇತುಹಾಕಿದೆ. ಸಂಜೆ ಹಿಂಡಿದಾಗ ಬಂದ ನೀರು ನೋಡಿದ ಮೇಲೆ ನಮ್ಮವರೂ ತಕರಾರು ಮಾಡಲಿಲ್ಲ. ಒರೆಸುವಾಗ ಎನ್95 ಮಾಸ್ಕ್ ಹಾಕಿ, ಕೊರೊನಾ ಕಾಲದ್ದು ಮೂಲೆಯಲ್ಲಿ ಇದ್ದೇ ಇರುತ್ತದಲ್ಲ. ನೀಲಿ ಸರ್ಜಿಕಲ್ ಮಾಸ್ಕ್ ಇದಕ್ಕೆ ಸಾಲದು. ಕಾರು, ಸೋಲಾರ್ ಪ್ಯಾನೆಲ್ ಒಣ ಬಟ್ಟೆಯಲ್ಲಿ ಒರೆಸಲೇಬೇಡಿ, ಮೊದಲು ನೀರು ಬಿಡಿ. ಮಲ್ಲಿಗೆ ಗಿಡಕ್ಕೂ ಅಷ್ಟೇ, ಎಲೆಗೆ ನೀರು ಹೊಡೆದರೆ ಸಾಕು.

ನೀರು ಹಾಕಿ ಮಾಡಿಸಿದರೆ ಇನ್ನೊಂದು ತಲೆನೋವು ಶುರು. ಕೆಸರು. ಅದನ್ನು ಹಾಗೇ ಬಿಟ್ಟರೆ ಒಣಗಿ, ಕಾರಿನ ಚಕ್ರಕ್ಕೆ ಪುಡಿಯಾಗಿ ಮತ್ತೆ ಧೂಳೇ. ತೋಡಿಗೆ ತಳ್ಳಿದರೆ ಮೊದಲ ಮಳೆಗೆ ಓಣಿಯಲ್ಲಿ ನೀರು ನಿಲ್ಲುತ್ತದೆ. ಒದ್ದೆ ಇರುವಾಗಲೇ ಸಲಿಕೆಯಲ್ಲಿ ತೆಗೆದು ಸಿಮೆಂಟ್ ಗೋಣಿಗೆ ತುಂಬಿಸಿದರು. ಇಳಕಲ್ ಹುಡುಗನಿಗೆ ಈ ಕೆಲಸಕ್ಕೆ ಬೇರೆ ಸಂಬಳ ಕೊಡಿ ಅಂತ ನಾನು ಕಂಪೌಂಡಿನ ಈಚೆಯಿಂದಲೇ ಕೂಗಿ ಹೇಳಿದೆ. ಕೊಟ್ಟರು.

ಅಂದಹಾಗೆ, ಹೊಸದಾಗಿ ಕಲ್ಲು ಹಾಕಿಸುವವರು ಫ್ಲೇಮ್ಡ್ ಫಿನಿಶ್ ಕೇಳಿ. ಬೆಂಕಿಯಲ್ಲಿ ಮೊದಲೇ ಒರಟು ಮಾಡಿದ ಗ್ರಾನೈಟ್ ಅದು, ಅಂಗಡಿಯಲ್ಲೇ ಸಿಗುತ್ತದೆ. ಇಲ್ಲವೇ ಇಂಟರ್‌ಲಾಕ್. ಹಾವಸೆ ಅದಕ್ಕೂ ಹಿಡಿಯುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೆ ಹೋಗುತ್ತದೆ.

ಇನ್ನು ಬಾವಿ. ನಮ್ಮ ಬಾವಿಗೆ ನೈಲಾನ್ ಬಲೆ ಉಂಟು, ಎಲೆ ಬೀಳದ ಹಾಗೆ. ಮೊದಲ ದಿನದ ಧೂಳು ಬಲೆ ದಾಟಿ ನೀರಿನ ಮೇಲೆ ಕೆನೆಗಟ್ಟಿತ್ತು. ರಾತ್ರಿ ಕಳೆಯುವಾಗ ತಳಕ್ಕೆ ಇಳಿಯಿತು. ಬಾವಿಯ ತಳದಲ್ಲಿ ಇರುವುದೂ ಹೊಯ್ಗೆಯೇ, ಕುಡಿದರೆ ಏನೂ ಆಗದು, ಈ ಧೂಳು ಕೆಟ್ಟದ್ದು ಉಸಿರಿಗೆ. ಆದರೂ ಅತ್ತೆ ಮೂಡುಬಿದಿರೆಯಿಂದ ಬಂದವರು ಕೊಡಪಾನದ ತಳ ನೋಡಿ ಮುಖ ಕಿವುಚಿದರು. ಮಳೆಗೆ ಮುಂಚೆ ಹೇಗೂ ಬಾವಿಗೆ ಇಳಿದು ಕೆಸರು ತೆಗೆಸುವ ಕ್ರಮ ಉಂಟು. ಈ ಸಲ ಅರ್ಧ ಖರ್ಚು ನನ್ನದು ಅಂತ ಪಕ್ಕದ ಮನೆಯವರು ತಾವಾಗಿಯೇ ಹೇಳಿದ್ದಾರೆ. ಪೂರ್ತಿ ಅಂದಿದ್ದರೂ ತಪ್ಪಿರಲಿಲ್ಲ. ಹಪ್ಪಳದ ಲೆಕ್ಕವನ್ನು ಅತ್ತೆ ಬೇರೆಯೇ ಇಟ್ಟಿದ್ದಾರೆ.