ಬೆರಳು ಮುಟ್ಟದಿದ್ದರೂ ಅದು ಆಸನವೇ

ಯೋಗದ ತರಗತಿಯಲ್ಲಿ ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಬಂದರೆ ಸಾಕು, ಕಾಲ್ಬೆರಳು ಮುಟ್ಟಲೇಬೇಕೆಂಬ ಹಟ. ಬೆನ್ನು ಗೂನಾಗುತ್ತದೆ, ಸೊಂಟ ಮಾತ್ರ ಕದಲುವುದಿಲ್ಲ. ತೊಡೆಯ ಹಿಂದಿನ ಸ್ನಾಯುಗಳು ಕೂರುವ ಮೂಳೆಗೇ ಅಂಟಿಕೊಂಡಿರುತ್ತವೆ. ಅವು ಬಿಗಿಯಾಗಿದ್ದರೆ ಸೊಂಟವನ್ನು ಹಿಂದಕ್ಕೆ ಜಗ್ಗುತ್ತವೆ. ನಾಲ್ಕು ಬೆರಳೆತ್ತರಕ್ಕೆ ಮಡಿಸಿದ ಕಂಬಳಿಯ ಮೇಲೆ ಕೂತು, ಮೊಣಕಾಲು ತುಸು ಮಡಿಸಿ, ಹೊಟ್ಟೆ ತೊಡೆಯ ಕಡೆ ಬರುವಂತೆ ಬಾಗಿ. ಐದಾರು ಉಸಿರು ಸಾಕು. ಎಳೆತ ತೊಡೆಯ ನಡುಭಾಗದಲ್ಲಿದ್ದರೆ ಸರಿ. ಮೊಣಕಾಲ ಹಿಂದೆ ಚುಚ್ಚಿದರೆ, ಪಾದಕ್ಕೆ ಜೋಮು ಇಳಿದರೆ ತಕ್ಷಣ ಸಡಿಲಿಸಿ. ಉಸಿರು ಕಟ್ಟಿತೋ, ಅದೂ ಅತಿಯಾಯಿತೆಂದೇ ಲೆಕ್ಕ. ಪಕ್ಕದ ಚಾಪೆಯವರ ಹಣೆ ಮೊಣಕಾಲಿಗೆ ತಾಗುತ್ತದೆಯೇ? ತಾಗಲಿ ಬಿಡಿ, ಅವರ ಮೈಯ ಅಳತೆಯೇ ಬೇರೆ. ಬೆನ್ನಿನ ಡಿಸ್ಕ್ ತೊಂದರೆ ಇರುವವರು ತರಗತಿ ಶುರುವಾಗುವ ಮೊದಲೇ ಕಲಿಸುವವರಿಗೆ ಹೇಳಿಬಿಡಿ.